ನಂದಗಡದ ಆಲದ ಕೆಳಗೆ

ಬೀಡಿ ಎಂದೊಡನೆ ಜೇಬು ತಡಕಬೇಡಿ ಗೆಳೆಯರೇ! ಇದು ಸೇದುವ ಬೀಡಿಯಲ್ಲ, ಖಾನಾಪುರ ತಾಲೂಕಿನ ಊರು. ಏಪ್ರಿಲ್ ಬಿಸಿಲು. ಅಣ್ಣನ ಮಕ್ಕಳಿಬ್ಬರದು ಒಂದೇ ಹಟ: "ಕಾಕಾ, ಎಲ್ಲಿಗ್ಯಾರ ಕರಕೊಂಡ್ ಹೋಗು!" ಬೆಳಗಾವಿಯ ಕೋಟೆ ಕೆರೆ ದೂರ. ಬುತ್ತಿ ಕಟ್ಟಿಸಿ, ವೈನಿಯನ್ನೂ ಹೊರಡಿಸಿ, ನಂದಗಡದ ಬಸ್ಸು ಹತ್ತಿಯೇ ಬಿಟ್ಟೆವು.

2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದಲ್ಲಿ ದರ್ಶನ್‌ಗೆ ಶಿಳ್ಳೆ ಹೊಡೆಯದವರು ಯಾರು? ಆ ರಾಯಣ್ಣನನ್ನು ಕಂಪನಿಯವರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇದೇ ನಂದಗಡದಲ್ಲಿ. ಸಮಾಧಿಯ ಬಳಿ ದೊಡ್ಡ ಆಲದಮರ. ಅವನ ಸಂಗಾತಿಯೇ ವೇಷ ಮರೆಸಿಕೊಂಡು ಬಂದು ಸಸಿ ನೆಟ್ಟನೆಂದು ಜನ ಹೇಳುತ್ತಾರೆ. ನೆರಳೆಂದರೆ ನೆರಳು! ಹವಾನಿಯಂತ್ರಿತ ಥಿಯೇಟರು ಇದರ ಮುಂದೆ ಏನೂ ಅಲ್ಲ.

ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುವಷ್ಟರಲ್ಲಿ ಚಿಕ್ಕವಳು ಮರಕ್ಕೆ ಕಟ್ಟಿದ್ದ ಪುಟ್ಟ ತೊಟ್ಟಿಲಿಗೆ ಕೈ ಹಾಕಿದಳು. ವೈನಿ ಗದರಿದರು: "ಮುಟ್ಟಬ್ಯಾಡ! ಮಕ್ಕಳಿಲ್ಲದವರು ಹರಕಿ ಕಟ್ಟ್ಯಾರ." ಆಮೇಲೆ ಮೆಲ್ಲಗೆ, "ನಾನೂ ಕಟ್ಟಿದ್ದೆ. ಆರು ವರ್ಷ ಆಗಿತ್ತು, ಮನ್ಯಾಗ ಯಾರಿಗೂ ಹೇಳಿರಲಿಲ್ಲ" ಅಂದರು. ಒಂದೇ ಮನೆಯಲ್ಲಿ ಉಂಡ ನನಗೂ ಗೊತ್ತಿರಲಿಲ್ಲ ನೋಡಿ.

ದೊಡ್ಡವನು ರೊಟ್ಟಿ ಬಿಟ್ಟು ಎದ್ದ. "ನಂದು ಯಾವುದವ್ವಾ?"

ವೈನಿ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು.

ನೀವೂ ಹೋಗ್ರಿ. ಕುಡಿಯುವ ನೀರು ಒಯ್ಯಿರಿ, ಹುಡುಗರು ಬಿಳಲಿಗೆ ಜೋತುಬಿದ್ದರೆ ಇಳಿಸಿರಿ. ನಮ್ಮವನು ಮಾತ್ರ ಸಂಜೆ ಬಸ್ಸಿನ ಹಾರ್ನ್ ಕೇಳುವವರೆಗೂ ಒಂದೊಂದೇ ತೊಟ್ಟಿಲು ನೋಡುತ್ತ ತಿರುಗಿದ.