ತೀರ್ಥನ್ ನದಿಯ ದಂಡೆಯಲ್ಲಿ ನಾಲ್ಕು ದಿನ

ಮೀನಿಗೂ ನಮಗೂ ಇದ್ದ ನಂಟು ಒಂದೇ ಬಗೆಯದು. ಬಾಲ್ಯದಲ್ಲಿ ಹಿರಿಯರೊಡನೆ ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಸೋಪಾನಗಳ ಮೇಲೆ ಕುಳಿತು, ಪುರಿಯನ್ನು ನೀರಿಗೆ ಚೆಲ್ಲಿ, ಗುಂಪುಗೂಡಿ ಬರುವ ಮೀನುಗಳನ್ನು ಕಂಡು ಹಿಗ್ಗುತ್ತಿದ್ದೆವು. ಅಂತಹ ಕೈಗಳು ಅರುವತ್ತು ದಾಟಿದ ಮೇಲೆ ಗಾಳದ ಕೋಲನ್ನು ಹಿಡಿದುವೆಂದರೆ ವಾಚಕರಿಗೆ ನಗೆ ಬಂದೀತು. ನಮ್ಮ ನೆಂಟರಂತೂ ನಕ್ಕೇ ನಕ್ಕರು.

ಇದಕ್ಕೆ ಕಾರಣನಾದವನು ನಮ್ಮ ಮಗ. ಅವನಿಗೆ ಗಾಳದ ಹುಚ್ಚು. ರಜೆ ದೊರೆತರೆ ಮನೆಗೆ ಬಾರದೆ ಹಿಮಾಚಲದ ಹೊಳೆಗಳಿಗೆ ಓಡುತ್ತಿದ್ದನು. “ಬಾಯಿಲ್ಲದ ಪ್ರಾಣಿಯನ್ನು ನೋಯಿಸಿ ನಲಿಯುವುದು ನಮ್ಮ ಮನೆಯಲ್ಲಿ ಹುಟ್ಟಿದವನಿಗೆ ತಕ್ಕುದಲ್ಲ” ಎಂದು ನಾವು ಒಂದು ದಿನ ಕಟುವಾಗಿ ನುಡಿದೆವು. ಅವನು ಮರುಮಾತಾಡದೆ ಎದ್ದು ಹೋದನು. ಆಮೇಲೆ ಮೂರು ವರ್ಷ ಹಬ್ಬಕ್ಕೂ ಬರಲಿಲ್ಲ. ಕಳೆದ ವರ್ಷ ಸೆಪ್ಟೆಂಬರಿನಲ್ಲಿ, “ಒಮ್ಮೆ ಬಂದು ನೋಡಿ, ಆಮೇಲೆ ಬೈಯಿರಿ” ಎಂದು ಎರಡು ಸಾಲಿನ ಓಲೆ ಬಂದಿತು. ನಮ್ಮ ಮನೆಯವರು ಅಂದು ರಾತ್ರಿಯೇ ಉಣ್ಣೆಯ ಬಟ್ಟೆಗಳನ್ನು ಹೊರಗೆ ತೆಗೆದಿಟ್ಟರು.

ಅಕ್ಟೋಬರ್ ನಡುವಿನಲ್ಲಿ ನಾವಿಬ್ಬರೂ ಕುಲು ಜಿಲ್ಲೆಯ ಗುಶೈಣಿ ಎಂಬ ಹಳ್ಳಿಯನ್ನು ಸೇರಿದೆವು. ನವೆಂಬರಿನಿಂದ ಮೀನು ಮೊಟ್ಟೆಯಿಡುವ ಕಾಲವಾದುದರಿಂದ ಸರ್ಕಾರದವರು ಗಾಳವನ್ನು ನಿಷೇಧಿಸುತ್ತಾರೆ. ಅಲ್ಲಿಯ ತೀರ್ಥನ್ ನದಿಯು ಹಿಮಶಿಖರಗಳಿಂದಿಳಿದು ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಕೂಡುವುದು. ಅದರಲ್ಲಿರುವ ಟ್ರೌಟ್ ಮೀನು ನಮ್ಮ ದೇಶದ್ದಲ್ಲ. 1900ರ ಸುಮಾರಿಗೆ ಸ್ಕಾಟ್ಲೆಂಡಿನಿಂದ ಅದರ ಮೊಟ್ಟೆಗಳನ್ನು ಕಾಶ್ಮೀರಕ್ಕೆ ತಂದರು; 1909ರ ಹೊತ್ತಿಗೆ ಕುಲುವಿನಲ್ಲಿಯೂ ಅದು ನೆಲೆಗೊಂಡಿತು. ನಮ್ಮ ಕಡೆಯ ಕಾಫಿಯಂತೆ, ಪರಸ್ಥಳದಿಂದ ಬಂದು ಮನೆಯದೇ ಆಗಿಹೋದ ವಸ್ತು ಇದು. ಬೆಚ್ಚನೆಯ ನೀರು ಅದಕ್ಕೆ ಸಲ್ಲದು. ತಣ್ಣೀರಿನಲ್ಲಿ ಪ್ರಾಣವಾಯುವು ಹೆಚ್ಚಾಗಿ ಕರಗಿರುವುದರಿಂದ, ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ತಂಪಾದ ಹೊಳೆಯೇ ಅದಕ್ಕೆ ಬೇಕು.

ನಮಗೆ ಕಲಿಸಲು ಮಗನು ಇಬ್ಬರು ಮಾರ್ಗದರ್ಶಿಗಳನ್ನು ಗೊತ್ತುಮಾಡಿದ್ದನು. ಒಬ್ಬನು ಐವತ್ತರ ಪ್ರಾಯದವನು. ಮತ್ತೊಬ್ಬನು ಅವನ ಸೋದರಳಿಯ. ಹಿರಿಯನು ಮೊದಲ ದಿನ ನಮಗೆ ಕೋಲನ್ನೇ ಕೊಡಲಿಲ್ಲ. ಹೊಳೆಯ ಕಲ್ಲುಗಳನ್ನು ಎತ್ತಿ ಮಗುಚಿ ತೋರಿಸಿದನು. ಅಡಿಯಲ್ಲಿ ಮೂರು ಬಾಲದ ಸಣ್ಣ ಹುಳುಗಳು ಅಂಟಿಕೊಂಡಿದ್ದುವು. ಕೆಲವು ಹುಳುಗಳು ಮರಳಿನ ಕಣಗಳಿಂದ ಕೊಳವೆಯಂತಹ ಗೂಡನ್ನು ಕಟ್ಟಿಕೊಂಡಿದ್ದುವು. “ಮೀನು ಏನನ್ನು ತಿನ್ನುವುದೆಂದು ಅರಿಯದವನು ಮೀನನ್ನು ಹೇಗೆ ಹಿಡಿದಾನು?” ಎಂದನು. ಬಳಿಕ ಡಬ್ಬಿಯನ್ನು ತೆರೆದು, ಪುಕ್ಕ, ತುಪ್ಪಳು, ರೇಷ್ಮೆಯ ದಾರಗಳನ್ನು ಪುಟ್ಟ ಕೊಕ್ಕೆಗೆ ಸುತ್ತಿ ಮಾಡಿದ ಹುಳುವಿನ ವೇಷಗಳನ್ನು ತೋರಿಸಿದನು. ಈ ವಿದ್ಯೆ ಬಲು ಹಳೆಯದು. ಮ್ಯಾಸಿಡೋನಿಯಾದವರು ಕೊಕ್ಕೆಗೆ ಕೆಂಪು ಉಣ್ಣೆಯನ್ನೂ ಗರಿಯನ್ನೂ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು, ಸುಮಾರು 1800 ವರ್ಷಗಳ ಹಿಂದೆಯೇ ಈಲಿಯನ್ ಎಂಬ ರೋಮಿನ ಗ್ರಂಥಕರ್ತನು ಬರೆದಿಟ್ಟಿರುವನು.

ಎರಡನೆಯ ದಿನ ಹುಲ್ಲುಗಾವಲಿನಲ್ಲಿ ಪಾಠ. ಸಾಧಾರಣ ಗಾಳದಲ್ಲಿ ತೂಕವಿರುವುದು ದಾರದ ತುದಿಯಲ್ಲಿ. ಇಲ್ಲಿ ತುದಿಯ ಹುಳು ಗಾಳಿಯಷ್ಟು ಹಗುರ, ತೂಕವೆಲ್ಲ ದಾರದಲ್ಲಿಯೇ. ಕೋಲನ್ನೆತ್ತಿ ದಾರವನ್ನು ಬೆನ್ನ ಹಿಂದಕ್ಕೆ ಹಾರಿಸಿ, ಅದು ನೆಟ್ಟಗೆ ಚಾಚುವ ತನಕ ತಡೆದು, ಅನಂತರ ಮುಂದಕ್ಕೆ ಬೀಸಬೇಕು. ನಮಗೆ ಆ ತಡೆಯುವುದೊಂದೇ ಒಗ್ಗಲಿಲ್ಲ. ದಾರವು ಕೊರಳಿಗೆ ಸುತ್ತಿಕೊಂಡಿತು. ಕೊಕ್ಕೆಯು ನಮ್ಮ ಕುಲಾವಿಗೇ ಸಿಕ್ಕಿಕೊಂಡಿತು. ಎಷ್ಟೋ ವರ್ಷ ಮೊಸರು ಕಡೆದು ಹದವನ್ನರಿತ ನಮ್ಮ ಮನೆಯವರು ಅರ್ಧ ಗಂಟೆಯಲ್ಲಿಯೇ ಕಲಿತುಬಿಟ್ಟರು! ಕಿರಿಯ ಮಾರ್ಗದರ್ಶಿಯು ಕುಲಾವಿಯಿಂದ ಕೊಕ್ಕೆಯನ್ನು ಬಿಡಿಸುತ್ತ, “ಬಾಬೂಜಿ, ಅವಸರಪಟ್ಟು ಎಳೆಯಬೇಡಿರಿ. ಹಿಂದಕ್ಕೆ ಹೋದುದು ಪೂರ್ತಿಯಾಗಿ ಹೋಗಲಿ, ಆಮೇಲೆ ಕರೆದರೆ ತಾನಾಗಿ ಬರುವುದು” ಎಂದನು. ಅವನು ಹೇಳಿದುದು ದಾರದ ಮಾತು. ಸಮೀಪದಲ್ಲಿ ನಿಂತಿದ್ದ ಮಗನು ತಲೆ ತಗ್ಗಿಸಿದನು. ನಾವೂ ಬೇರೆ ಕಡೆಗೆ ನೋಡಿದೆವು.

ಮೂರನೆಯ ದಿನ ಹೊಳೆಗಿಳಿದೆವು. ಟ್ರೌಟ್ ಸದಾ ಪ್ರವಾಹಕ್ಕೆ ಎದುರಾಗಿ ನಿಲ್ಲುವುದರಿಂದ ಕೆಳಗಿನಿಂದ ಮೆಲ್ಲಗೆ ಸಮೀಪಿಸಬೇಕು. ಹುಳುವು ನೀರಿನ ವೇಗದಲ್ಲಿಯೇ ತೇಲಬೇಕು. ದಾರವು ಅದನ್ನು ತುಸು ಜಗ್ಗಿದರೂ ಮೀನಿಗೆ ಸಂಶಯ ಬರುವುದು. ಮೊದಲ ಮೀನು ಕಚ್ಚಿದೊಡನೆ ನಾವು ಬಲವಾಗಿ ಎಳೆದೆವು, ಎಳೆ ಹರಿಯಿತು. ಸಂಜೆಯ ಹೊತ್ತಿಗೆ ಇನ್ನೊಂದು ಕಚ್ಚಿತು. “ಓಡಲಿ ಬಿಡಿ, ಅಪ್ಪ, ಬಿಡಿ” ಎನ್ನುತ್ತ ಮಗನು ಬಲೆಯೊಡನೆ ಮೊಣಕಾಲುದ್ದದ ನೀರಿಗೆ ಬಂದನು. ಮೂರು ವರ್ಷಗಳ ಮೇಲೆ ಅಪ್ಪ ಎಂಬ ಶಬ್ದವು ನಮ್ಮ ಕಿವಿಗೆ ಬಿದ್ದುದು ಆಗಲೇ. ಮೀನಿನ ಮೈಲೋಳೆ ಕೆಡದಂತೆ ಅವನು ಕೈಯನ್ನು ಒದ್ದೆಮಾಡಿಕೊಂಡು, ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿದನು. ಹೊಂಗಂದು ಬಣ್ಣದ ಮೈ. ಪಕ್ಕೆಯಲ್ಲಿ ಬಿಳಿಯ ಅಂಚಿನ ಕೆಂಪು ಬೊಟ್ಟುಗಳು. ಪ್ರವಾಹಕ್ಕೆದುರಾಗಿ ಅದನ್ನು ಹಿಡಿದಿರಲು, ಅದು ಸುಧಾರಿಸಿಕೊಂಡು ಜಾರಿಹೋಯಿತು.

“ಅದಕ್ಕೆ ನೋವಾಗಲಿಲ್ಲವೆ?” ಎಂದು ಕೇಳಿದೆವು.

“ಆಗಿರಬೇಕು. ಆದುದರಿಂದಲೇ ದಿನಕ್ಕೆ ಎರಡನ್ನು ಹಿಡಿದರೆ ಕೋಲನ್ನು ಮಡಚಿಡುತ್ತೇನೆ” ಎಂದನು.

ಈ ಪ್ರಶ್ನೆಯನ್ನು ಅವನು ನಮಗಿಂತ ಮೊದಲೇ ಕೇಳಿಕೊಂಡಿದ್ದನೆಂಬುದು ನಮಗೆ ಆಗ ತಿಳಿಯಿತು. ಮೂರು ವರ್ಷದ ಹಿಂದೆ ನಾವು ತೀರ್ಪನ್ನು ಕೊಟ್ಟಿದ್ದೆವಲ್ಲದೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ನಾಲ್ಕನೆಯ ದಿನ ನಾವು ಕೋಲನ್ನು ಮುಟ್ಟಲಿಲ್ಲ. ನಮ್ಮ ಅಭಿಪ್ರಾಯವು ಪೂರ್ಣವಾಗಿ ಬದಲಾಯಿತೆಂದು ಹೇಳಲಾರೆವು; ತುಂಗೆಯ ಪುರಿಯೇ ಈಗಲೂ ನಮ್ಮ ಕೈಗೆ ಒಪ್ಪುವುದು. ಆದರೆ ದಿನವಿಡೀ ಬಂಡೆಯ ಮೇಲೆ ಕುಳಿತು, ಮಗನ ದಾರವು ಹಿಂದಕ್ಕೆ ಹೋಗಿ ಕ್ಷಣಕಾಲ ನಿಂತು ಮುಂದಕ್ಕೆ ಬರುವುದನ್ನು ನೋಡುತ್ತಿದ್ದೆವು. ಹೊರಡುವಾಗ ಮನೆಗೆ ಬಾರೆಂದು ಒತ್ತಾಯಿಸಬೇಕೆಂಬ ಮಾತು ನಾಲಗೆಯ ತುದಿಗೆ ಬಂದಿತು. ಕಿರಿಯ ಗುರುವಿನ ಪಾಠವು ನೆನಪಾಗಿ ಸುಮ್ಮನಾದೆವು.

ಈ ಸಂಕ್ರಾಂತಿಗೆ ಅವನು ತಾನಾಗಿಯೇ ಬಂದು ಎಳ್ಳುಬೆಲ್ಲವನ್ನು ತೆಗೆದುಕೊಂಡನು.