ಚನ್ನರಾಯನದುರ್ಗದಲ್ಲಿ ಒಂದು ಎಂಜಿನ್ನಿನ ಪಾಠ

ತುಮಕೂರಿನಿಂದ ಕೊರಟಗೆರೆಯ ಮೂಲಕ ಮಧುಗಿರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಗುಡ್ಡಗಳ ಲೆಕ್ಕವಿಡುವುದು ಕಷ್ಟ. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತೆ ಕಾಣುವ ಈ ಸೀಮೆಯಲ್ಲಿ ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟ, ಮಿಡಿಗೇಶಿ, ಪಾವಗಡ ಎಂದು ಹೆಸರಾದ ಬೆಟ್ಟಗಳೇ ಹಲವು. ಇವುಗಳ ನಡುವೆ ಹೆಚ್ಚಿನ ಗದ್ದಲವಿಲ್ಲದೆ ನಿಂತಿರುವುದು ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ. ಸಮುದ್ರಮಟ್ಟದಿಂದ 3,700 ಅಡಿಗೂ ತುಸು ಹೆಚ್ಚು ಎತ್ತರದ ಈ ಬೆಟ್ಟಕ್ಕೆ ಕೋಟೆ ಕಟ್ಟಿಸಿದವರು ಮಧುಗಿರಿಯ ಪಾಳೆಯಗಾರರ ಮನೆತನದವರು. ಮುಂದೆ ಅದು ಮೈಸೂರಿನ ವಶವಾಯಿತು.

ಹತ್ತುವಾಗ ಕಾಲಿಗೆ ಸಿಗುವುದು ಬರೀ ಬಂಡೆ. ಕೆಲವೆಡೆ ಮೆಟ್ಟಿಲಿದೆ, ಕೆಲವೆಡೆ ಕೈಯೂರಿ ಸಾಗಬೇಕು. ಗೋಡೆಯ ಕಲ್ಲುಗಳನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಕೋಟೆ ಎಂಬುದು ದೂರದಿಂದ ಒಂದೇ ವಸ್ತುವಿನಂತೆ ಕಂಡರೂ ಅದು ಸಾವಿರಾರು ಬಿಡಿಕಲ್ಲುಗಳ ಜೋಡಣೆ. ಪ್ರತಿ ಕಲ್ಲನ್ನೂ ಪಕ್ಕದ ಕಲ್ಲಿಗೆ ಹೊಂದುವಂತೆ ಕಡಿದು ಕೂರಿಸಿದ್ದಾರೆ. ನೆತ್ತಿಯಲ್ಲಿ ನಿಂತರೆ ಹೊಲ, ತೆಂಗು, ಕೆರೆ, ಸಣ್ಣ ಸಣ್ಣ ಊರುಗಳು ಕೆಳಗೆ ಹರಡಿಕೊಂಡಿರುತ್ತವೆ. ಕಣ್ಣಿಗೆ ಇಷ್ಟೆಲ್ಲ ಕಂಡರೂ ಬಹುಕಾಲ ಈ ನೋಟದಲ್ಲಿ ಒಂದು ಕೊರತೆಯಿತ್ತು. ಅದು ರೈಲಿನದು.

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಆ ದಾರಿ ಇಲ್ಲಿಂದ ದಕ್ಷಿಣಕ್ಕೆ ಉಳಿಯಿತು. ಗೌರಿಬಿದನೂರು, ಹಿಂದೂಪುರದ ದಾರಿ ಪೂರ್ವಕ್ಕೆ ಉಳಿಯಿತು. ನಡುವಿನ ಕೊರಟಗೆರೆ, ಮಧುಗಿರಿ, ಪಾವಗಡಗಳಿಗೆ ಹಳಿಯಿರಲಿಲ್ಲ. ತುಮಕೂರು–ರಾಯದುರ್ಗ ಮಾರ್ಗ ಈ ಮೂರೂ ತಾಲ್ಲೂಕುಗಳನ್ನು ಪೋಣಿಸುವಂಥದು. 207 ಕಿ.ಮೀ. ಉದ್ದದ ಈ ಯೋಜನೆ ಮಂಜೂರಾದದ್ದು 2007–08ರಲ್ಲಿ. ಆಂಧ್ರದ ಕಡೆಯ ರಾಯದುರ್ಗ–ಕಲ್ಯಾಣದುರ್ಗ ಭಾಗ ಮೊದಲು ಸಿದ್ಧವಾಯಿತು. ಕರ್ನಾಟಕದ ಭಾಗದಲ್ಲಿ ಭೂಸ್ವಾಧೀನ, ಸೇತುವೆ, ಮಣ್ಣಿನ ಏರಿ ಎನ್ನುತ್ತ ವರ್ಷಗಳು ಸರಿದವು. 2007ರಲ್ಲಿ ಒಂದನೇ ತರಗತಿಗೆ ಸೇರಿದ ದುರ್ಗದ ಮಗು ಎಸ್ಸೆಸ್ಸೆಲ್ಸಿ ಮುಗಿಸಿದರೂ ರೈಲು ನೋಡಲು ತುಮಕೂರಿಗೇ ಹೋಗಬೇಕಾಯಿತು.

ಅರ್ಧ ಕಟ್ಟಿ ನಿಂತ ವಸ್ತುವನ್ನು ಕಂಡಾಗ ಜನ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, ‘ಇದು ಆಗುವ ಕೆಲಸವಲ್ಲ.’ ಇನ್ನೊಂದು, ‘ಕಟ್ಟಿದವರನ್ನು ಕೇಳಬೇಕು.’ ಇವೆರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ ಎಂದು ಕಲಿಸುವ ಹವ್ಯಾಸವೊಂದು ಪ್ರಪಂಚದ ಹಲವು ಕಡೆ ಇದೆ. ಅದೇ ದೊಡ್ಡ ಅಳತೆಯ ರೈಲು ಎಂಜಿನ್ ಮಾದರಿಗಳನ್ನು ಕಟ್ಟುವ ಹವ್ಯಾಸ. ರೈಲು ಸುಳಿಯದ ಊರಿನ ವಿದ್ಯಾರ್ಥಿಗೂ ಇದರಿಂದ ಕಲಿಯುವುದು ಬಹಳಷ್ಟಿದೆ.

ಎಂಟನೆಯ ಒಂದು ಪಾಲು

ಇದು ಮೇಜಿನ ಮೇಲೆ ಸುತ್ತುವ ಆಟಿಕೆಯ ಮಾತಲ್ಲ. ಮೇಲೆ ಮಕ್ಕಳನ್ನು ಕೂರಿಸಿಕೊಂಡು ಎಳೆಯಬಲ್ಲ ಮಾದರಿಯ ಮಾತು. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯದ ಕಿರುರೈಲನ್ನೋ, ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ತಲೆಮಾರುಗಳ ಮಕ್ಕಳನ್ನು ಹೊತ್ತ ಪುಟಾಣಿ ಎಕ್ಸ್‌ಪ್ರೆಸ್ಸನ್ನೋ ಹತ್ತಿದವರಿಗೆ ಸಣ್ಣ ಹಳಿಯ ಸಂತೋಷ ಗೊತ್ತು. ಹವ್ಯಾಸಿಗಳ ಮಾದರಿ ಅವುಗಳಿಗಿಂತಲೂ ಚಿಕ್ಕದು. ಆದರೆ ಅದು ನಿಜವಾದ ಎಂಜಿನ್ ಒಂದರ ಅಳತೆಗೆ ಬದ್ಧವಾಗಿರುತ್ತದೆ.

ಭಾರತದಲ್ಲಿ ಬಹಳ ಮಂದಿ ಕಂಡಿರುವ ಡಬ್ಲ್ಯೂಡಿಎಂ–2 ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಅದರ ಉದ್ದ ಸುಮಾರು 17 ಮೀಟರ್, ತೂಕ ಸುಮಾರು 113 ಟನ್, ಶಕ್ತಿ 2,600 ಅಶ್ವಶಕ್ತಿ. ಅದನ್ನು ಎಂಟನೆಯ ಒಂದು ಪಾಲಿಗೆ ಇಳಿಸಿದರೆ ಉದ್ದ ಎರಡು ಮೀಟರಿಗಿಂತ ತುಸು ಹೆಚ್ಚು. ಹಾಗಾದರೆ ತೂಕವೂ ಎಂಟನೆಯ ಒಂದು ಪಾಲು, ಅಂದರೆ 14 ಟನ್ ಆದೀತೇ? ಇಲ್ಲ. ಉದ್ದ, ಅಗಲ, ಎತ್ತರ ಮೂರೂ ಎಂಟು ಪಟ್ಟು ಕುಗ್ಗುವುದರಿಂದ ಗಾತ್ರ 8×8×8, ಅಂದರೆ 512 ಪಟ್ಟು ಕುಗ್ಗುತ್ತದೆ. ಅದೇ ಲೋಹದಲ್ಲಿ ಅದೇ ರೀತಿ ಕಟ್ಟಿದರೆ ತೂಕ ಸುಮಾರು 220 ಕಿಲೋ ಮಾತ್ರ. ಗಣಿತದ ಪುಸ್ತಕದಲ್ಲಿ ಓದಿದ ಘನಫಲ ಇಲ್ಲಿ ನಾಲ್ಕು ಮಂದಿ ಸೇರಿ ಎತ್ತಬೇಕಾದ ಭಾರವಾಗಿ ಕೈಗೆ ಸಿಗುತ್ತದೆ.

ಈ ಭಾರ ಹೊರೆಯಲ್ಲ, ಅಗತ್ಯ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಹಿಡಿಯುವುದು ತೂಕದ ಬಲದಿಂದ. ಘರ್ಷಣಾಂಕವನ್ನು 0.2 ಎಂದು ಹಿಡಿದರೆ 220 ಕಿಲೋ ಎಂಜಿನ್ ಸುಮಾರು 44 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬಲ್ಲದು. ಅದಕ್ಕಿಂತ ಹೆಚ್ಚು ಎಳೆಯಹೋದರೆ ಮೋಟಾರು ಎಷ್ಟೇ ದೊಡ್ಡದಿದ್ದರೂ ಗಾಲಿ ಇದ್ದಲ್ಲೇ ತಿರುಗುತ್ತದೆ. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಈ ಬಲ ಹಾಕಲು ಒಂದು ಅಶ್ವಶಕ್ತಿಗಿಂತ ಸ್ವಲ್ಪ ಹೆಚ್ಚು ಸಾಕು.

ಯಾರೋ ಬಿಟ್ಟ ಕೆಲಸ

ಇಂಥ ಎಂಜಿನ್ನಿನ ಬಿಡಿಭಾಗಗಳು ವಿದೇಶಗಳಲ್ಲಿ ಪೆಟ್ಟಿಗೆಯಲ್ಲಿ ಬರುತ್ತವೆ. ಚೌಕಟ್ಟು, ಗಾಲಿಗಳು, ಮೋಟಾರುಗಳು, ಮೇಲ್ಮೈಯ ತಗಡು, ಜೊತೆಗೊಂದು ನಕ್ಷೆ. ಉತ್ಸಾಹದಿಂದ ಕೊಂಡವರು ಅರ್ಧ ಜೋಡಿಸಿ ಕೈಬಿಡುವುದುಂಟು. ಅಂಥ ಪೆಟ್ಟಿಗೆ ಇನ್ನೊಬ್ಬರ ಕೈಗೆ ಬಂದಾಗ ಕೆಲಸ ಸುಲಭವಾಗಿರಬೇಕಲ್ಲವೇ? ಅರ್ಧ ಮುಗಿದೇ ಇದೆಯಲ್ಲ! ವಾಸ್ತವ ಇದಕ್ಕೆ ತದ್ವಿರುದ್ಧ. ಹೊಸ ಪೆಟ್ಟಿಗೆ ಬಿಚ್ಚಿದವನಿಗೆ ನಕ್ಷೆ ಗೊತ್ತಿದ್ದರೆ ಸಾಕು. ಅರ್ಧ ಕಟ್ಟಿದ್ದನ್ನು ಮುಂದುವರಿಸುವವನಿಗೆ ನಕ್ಷೆಯೂ ಗೊತ್ತಿರಬೇಕು, ಹಿಂದಿನವನು ಏನು ಮಾಡಿದ, ಎಲ್ಲಿ ತಪ್ಪಿದ ಎಂಬುದೂ ಗೊತ್ತಾಗಬೇಕು.

ಮೊದಲ ಕೆಲಸ ಜೋಡಿಸುವುದಲ್ಲ, ಎಣಿಸುವುದು. ಇರುವ ಭಾಗಗಳನ್ನೆಲ್ಲ ಹಾಸಿ, ನಕ್ಷೆಯೊಂದಿಗೆ ತಾಳೆ ನೋಡಿ, ಇಲ್ಲದ್ದರ ಪಟ್ಟಿ ಬರೆಯಬೇಕು. ಎರಡನೆಯದು ಅಳೆಯುವುದು. ಚೌಕಟ್ಟಿನ ಎದುರುಬದಿಗಳು ಸಮವಿದ್ದು ಎರಡು ಕರ್ಣಗಳೂ ಸಮವಾಗಿದ್ದರೆ ಮೂಲೆಗಳು ನೇರವಾಗಿವೆ ಎಂದರ್ಥ. ಕರ್ಣಗಳಲ್ಲಿ ಕೆಲವೇ ಮಿಲಿಮೀಟರ್ ವ್ಯತ್ಯಾಸವಿದ್ದರೂ ಎಂಜಿನ್ ಸೊಟ್ಟಗೆ ಓಡುತ್ತದೆ. ಒಂದೇ ಅಚ್ಚಿನ ಎರಡು ಗಾಲಿಗಳ ನಡುವಿನ ಅಂತರವನ್ನು ಶಾಲೆಯ ಪ್ರಯೋಗಾಲಯದಂಥ ವರ್ನಿಯರ್ ಕ್ಯಾಲಿಪರಿನಲ್ಲಿ ಎಲ್ಲ ಆರು ಅಚ್ಚುಗಳಿಗೂ ಪರೀಕ್ಷಿಸಬೇಕು. ಒಂದು ಅಚ್ಚು ತಪ್ಪಿದರೂ ತಿರುವಿನಲ್ಲಿ ಗಾಲಿ ಹಳಿ ಬಿಟ್ಟು ಇಳಿಯುತ್ತದೆ.

ಇಲ್ಲಿ ಒಂದು ಪದದ ಬಗ್ಗೆ ಎಚ್ಚರ ಬೇಕು. ಪ್ರಯಾಣಿಕರು ಬೋಗಿ ಎಂದರೆ ರೈಲಿನ ಡಬ್ಬಿ. ಎಂಜಿನಿಯರುಗಳ ಭಾಷೆಯಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗೆ ಗಾಲಿಗಳನ್ನು ಹೊತ್ತು ತಿರುಗುವ ಚೌಕಟ್ಟು. ಡಬ್ಲ್ಯೂಡಿಎಂ–2ಕ್ಕೆ ಅಂಥವು ಎರಡು, ಒಂದೊಂದಕ್ಕೂ ಮೂರು ಅಚ್ಚು, ಪ್ರತಿ ಅಚ್ಚಿಗೂ ಒಂದು ಮೋಟಾರು. ಮಾದರಿಯಲ್ಲಿ ಒಂದು ಬೋಗಿ ಎರಡು ಬದಿಗಳಲ್ಲಿ ಭಾರ ಹೊತ್ತರೆ, ಇನ್ನೊಂದು ನಡುವಿನ ಒಂದೇ ಬಿಂದುವಿನಲ್ಲಿ ಹೊರುವಂತೆ ಕೂರಿಸುವುದು ಜಾಣತನ. ನಾಲ್ಕು ಕಾಲಿನ ಕುರ್ಚಿ ಅಂಗಳದಲ್ಲಿ ಅಲುಗುತ್ತದೆ, ಮೂರು ಕಾಲಿನ ಮಣೆ ಅಲುಗುವುದಿಲ್ಲ. ಅದೇ ಸೂತ್ರ.

ಮಾದರಿಗೆ ಡೀಸೆಲ್ ಎಲ್ಲಿ ಎಂದು ಮಕ್ಕಳು ಕೇಳುವುದು ಸಹಜ. ಸಾಮಾನ್ಯವಾಗಿ ಅದರೊಳಗೆ ಇರುವುದು ಬ್ಯಾಟರಿ. ಇದು ಮೋಸವೇನಲ್ಲ. ನಿಜವಾದ ಎಂಜಿನ್ನಿನಲ್ಲೂ ಡೀಸೆಲ್ ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಹದಿನಾರು ಸಿಲಿಂಡರುಗಳ ಯಂತ್ರ ಜನರೇಟರನ್ನು ತಿರುಗಿಸುತ್ತದೆ, ಅದರ ವಿದ್ಯುತ್ತು ಗಾಲಿಯ ಪಕ್ಕದ ಮೋಟಾರುಗಳಿಗೆ ಹೋಗುತ್ತದೆ. ಮಾದರಿಯಲ್ಲಿ ಜನರೇಟರಿನ ಜಾಗದಲ್ಲಿ ಬ್ಯಾಟರಿ ಕುಳಿತಿದೆ, ಅಷ್ಟೆ. ಆದರೆ ಒಂದು ತಪ್ಪಿಗೆ ಇಲ್ಲಿ ಆಸ್ಪದವಿದೆ. ಎರಡು ಬೋಗಿಗಳು ಎದುರುಬದುರು ಮುಖ ಮಾಡಿರುತ್ತವೆ. ಎರಡಕ್ಕೂ ಒಂದೇ ರೀತಿ ತಂತಿ ಕೊಟ್ಟರೆ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಎಳೆಯುತ್ತವೆ. ಆದ್ದರಿಂದ ಚೌಕಟ್ಟನ್ನು ಮರದ ದಿಮ್ಮಿಗಳ ಮೇಲೆ ಎತ್ತಿಟ್ಟು, ಕಡಿಮೆ ವೋಲ್ಟಿನಲ್ಲಿ ಗಾಲಿಗಳು ತಿರುಗುವ ದಿಕ್ಕು ನೋಡಿಕೊಂಡೇ ಮುಂದುವರಿಯಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು, ಬಣ್ಣಕ್ಕಿಂತ ಮೊದಲು ಬ್ರೇಕ್ ಸಿದ್ಧವಾಗಬೇಕು. ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು.

ದೇಶವೇ ಬಿಚ್ಚಿದ ಪೆಟ್ಟಿಗೆ

ಪೆಟ್ಟಿಗೆ ಬಿಚ್ಚಿ ಎಂಜಿನ್ ಜೋಡಿಸುವುದು ಹವ್ಯಾಸಿಗಳ ಕೆಲಸ ಮಾತ್ರವಲ್ಲ. ಭಾರತದ ಡೀಸೆಲ್ ಎಂಜಿನ್ನುಗಳ ಕಥೆ ಶುರುವಾದದ್ದೂ ಹೀಗೆಯೇ. ಡಬ್ಲ್ಯೂಡಿಎಂ–2ರ ಮೊದಲ ಎಂಜಿನ್ನುಗಳು 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಪೂರ್ಣವಾಗಿ ತಯಾರಾಗಿ ಬಂದವು. ಅನಂತರ ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ಕಾರ್ಖಾನೆಯಲ್ಲಿ ಮೊದಲ ಹನ್ನೆರಡನ್ನು ಅಲ್ಲಿಂದ ತರಿಸಿದ ಬಿಡಿಭಾಗಗಳಿಂದ ಜೋಡಿಸಲಾಯಿತು. ಆ ಕಾರ್ಖಾನೆಯ ಮೊದಲ ಎಂಜಿನ್ ಹೊರಬಂದದ್ದು 1964ರ ಜನವರಿಯಲ್ಲಿ. ಜೋಡಿಸುತ್ತ ಜೋಡಿಸುತ್ತ ಇಲ್ಲಿಯವರು ಒಂದೊಂದೇ ಭಾಗವನ್ನು ತಾವೇ ಮಾಡಲು ಕಲಿತರು.

ಆಮೇಲೆ ನಡೆದದ್ದು ಹೆಚ್ಚು ಸ್ವಾರಸ್ಯದ್ದು. 1969ರಲ್ಲಿ ಆಲ್ಕೊ ಕಂಪನಿ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ಪೆಟ್ಟಿಗೆ ಕಳಿಸಿದವರೇ ಅಂಗಡಿ ಮುಚ್ಚಿದರು! ಬರೀ ಜೋಡಿಸುವುದನ್ನಷ್ಟೇ ಕಲಿತಿದ್ದರೆ ವಾರಾಣಸಿಯ ಕೆಲಸವೂ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದೇ ಮಾದರಿಯ ಎಂಜಿನ್ನುಗಳು ಮುಂದಿನ ಹಲವು ದಶಕ ಇಲ್ಲಿ ತಯಾರಾದವು, ಡಬ್ಲ್ಯೂಡಿಎಂ–2 ಒಂದೇ ಎರಡು ಸಾವಿರಕ್ಕೂ ಮೀರಿತು. ಬೆಂಗಳೂರಿನ ಕೃಷ್ಣರಾಜಪುರದ ಶೆಡ್ಡಿನಲ್ಲಿ ಇವುಗಳ ಆರೈಕೆ ವರ್ಷಗಟ್ಟಲೆ ನಡೆಯಿತು. 1999ರಲ್ಲಿ ಇನ್ನೂ ಬಲವಾದ ಡಬ್ಲ್ಯೂಡಿಜಿ–4 ಅಮೆರಿಕದಿಂದ ಬಂದಾಗಲೂ ಕೆಲವು ಪೂರ್ಣವಾಗಿ, ಕೆಲವು ಬಿಡಿಭಾಗಗಳಾಗಿ ಬಂದವು. ಅವುಗಳಿಗೆ ಮೊದಲ ನೆಲೆಯಾದದ್ದು ಹುಬ್ಬಳ್ಳಿಯ ಡೀಸೆಲ್ ಶೆಡ್. ಕೆಲವೇ ವರ್ಷಗಳಲ್ಲಿ ಅವನ್ನೂ ವಾರಾಣಸಿಯಲ್ಲೇ ಮಾಡತೊಡಗಿದರು. ವಿದ್ಯುತ್ ಎಂಜಿನ್ನುಗಳ ಕಾಲ ಬಂದಾಗ ಅದೇ ಕಾರ್ಖಾನೆ ಅವುಗಳ ತಯಾರಿಕೆಗೂ ತಿರುಗಿತು, 2020ರಲ್ಲಿ ಬನಾರಸ್ ಲೋಕೊಮೋಟಿವ್ ವರ್ಕ್ಸ್ ಎಂಬ ಹೊಸ ಹೆಸರನ್ನೂ ಪಡೆಯಿತು. ಡೀಸೆಲ್ ಹೋದರೂ ಕೈಗೆ ಬಂದ ವಿದ್ಯೆ ಹೋಗಲಿಲ್ಲ.

ಅರ್ಧ ಕಟ್ಟಿದ ಮಾದರಿ ಕಲಿಸುವ ಪಾಠವೂ ಇದೇ. ಕಾಣೆಯಾದ ಭಾಗವನ್ನು ತರಿಸಲು ಆಗದಿದ್ದಾಗ ಪಕ್ಕದ ಭಾಗವನ್ನು ಅಳೆಯಬೇಕು, ಅದರಿಂದ ಕಾಣೆಯಾದದ್ದರ ಆಕಾರವನ್ನು ಊಹಿಸಬೇಕು, ಕಾಗದದಲ್ಲಿ ಬರೆದು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಬೇಕು, ಕೊನೆಗೆ ಲೇತ್ ಅಂಗಡಿಗೆ ಹೋಗಬೇಕು. ಪೆಟ್ಟಿಗೆಯಲ್ಲಿ ಬಂದ ಹತ್ತು ಭಾಗ ಕೂರಿಸಿದವನಿಗಿಂತ ಇಲ್ಲದ ಒಂದು ಭಾಗ ಮಾಡಿಕೊಂಡವನಿಗೆ ಎಂಜಿನ್ ಹೆಚ್ಚು ಅರ್ಥವಾಗಿರುತ್ತದೆ. ಮಗ ಅಥವಾ ಮಗಳು ಹಳೆಯ ಸೈಕಲ್ಲನ್ನೋ ಕೆಟ್ಟ ಪಂಪನ್ನೋ ಬಿಚ್ಚಿ ಹರಡಿ ಕುಳಿತಾಗ ‘ಓದು ಬಿಟ್ಟು ಇದೇನು’ ಎನ್ನುವ ತಂದೆತಾಯಂದಿರು ಇದನ್ನು ಒಮ್ಮೆ ಯೋಚಿಸಬೇಕು. ಬಿಚ್ಚಿದ್ದನ್ನು ಮತ್ತೆ ಕಟ್ಟಿ ಓಡಿಸು ಎಂದಷ್ಟೇ ಅವರು ಪಟ್ಟು ಹಿಡಿಯಬೇಕು.

ಎರಡು ಕಾಗದದ ಲೋಟ

ದೊಡ್ಡ ಮಾದರಿಗೆ ಹಣ ಬೇಕು, ನಿಜ. ಮೊದಲ ಪಾಠಕ್ಕೆ ಬೇಡ. ಎರಡು ಕಾಗದದ ಲೋಟಗಳ ಬಾಯಿಗೆ ಬಾಯಿ ಕೂಡಿಸಿ ಅಂಟಿಸಿ. ಎರಡು ಉದ್ದ ಕೋಲುಗಳನ್ನು ಹಳಿಯಂತೆ ಸಮಾನಾಂತರವಾಗಿ ತುಸು ಇಳಿಜಾರಿನಲ್ಲಿಟ್ಟು ಅದನ್ನು ಉರುಳಿಸಿ. ಅದು ಪಕ್ಕಕ್ಕೆ ಸರಿದರೂ ತಾನೇ ನಡುವಿಗೆ ಮರಳುತ್ತದೆ. ಈಗ ತಳಕ್ಕೆ ತಳ ಅಂಟಿಸಿ ಉರುಳಿಸಿ. ಸ್ವಲ್ಪ ದೂರದಲ್ಲೇ ಬಿದ್ದುಹೋಗುತ್ತದೆ. ರೈಲಿನ ಗಾಲಿಯನ್ನು ಒಳಬದಿ ದಪ್ಪ, ಹೊರಬದಿ ಸಣ್ಣವಾಗಿ ಓರೆ ಮಾಡಿರುವುದು ಇದೇ ಕಾರಣಕ್ಕೆ. ದುರ್ಗದ ಶಾಲೆಯ ಜಗಲಿಯ ಮೇಲೂ ಈ ಪ್ರಯೋಗ ನಡೆದೀತು.

ಇನ್ನೊಂದು ಪಾಠಕ್ಕೆ ಬೆಟ್ಟವನ್ನೇ ಹತ್ತಬೇಕು. ಮನುಷ್ಯ ಬಂಡೆಯನ್ನು ನೇರವಾಗಿ ಏರಬಲ್ಲ. ರೈಲಿಗೆ ನೂರು ಮೀಟರ್ ಸಾಗಿ ಒಂದು ಮೀಟರ್ ಏರುವುದೇ ಸಾಕಷ್ಟು ಕಡಿದಾದ ದಾರಿ. ಆ ಲೆಕ್ಕದಲ್ಲಿ ನೂರು ಮೀಟರ್ ಮೇಲೇರಲು ಹತ್ತು ಕಿಲೋಮೀಟರ್ ಸುತ್ತಬೇಕು. ಗುಡ್ಡಗಳ ನಡುವೆ ಹಳಿ ಹಾಕುವವರು ಏಕೆ ಒಂದೆಡೆ ಮಣ್ಣು ಅಗೆದು ಇನ್ನೊಂದೆಡೆ ಏರಿ ಕಟ್ಟುತ್ತಾರೆ, ಕೆಲಸಕ್ಕೆ ಏಕೆ ಅಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಉತ್ತರದ ಒಂದು ಭಾಗ ಏದುಸಿರು ಬಿಡುತ್ತ ನೆತ್ತಿ ತಲುಪಿದಾಗ ಸಿಗುತ್ತದೆ. ಆದರೂ ಹಳಿ ಅರ್ಧಕ್ಕೆ ನಿಲ್ಲಬಾರದು, ಮಾದರಿಯೂ ನಿಲ್ಲಬಾರದು. ಕೋಟೆಯ ಕೊನೆಯ ಕಲ್ಲನ್ನು ಹೊತ್ತು ತಂದವನೂ ಇದೇ ಬಂಡೆಗಳನ್ನು ಏರಿಯೇ ಬಂದಿದ್ದ.

ಚನ್ನರಾಯನದುರ್ಗ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ತುಮಕೂರಿಗೆ ಬಂದು ಕೊರಟಗೆರೆಯ ಕಡೆಯಿಂದ ಹೋಗುವುದು ಅನುಕೂಲ. ಬೆಳಿಗ್ಗೆ ಬೇಗ ಹತ್ತಿ ಬಿಸಿಲೇರುವ ಮೊದಲು ಇಳಿಯುವುದು ಒಳ್ಳೆಯದು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ಕರಡಿಗಳಿರುವ ಸೀಮೆಯಾದ್ದರಿಂದ ಒಬ್ಬೊಬ್ಬರೇ ಹೋಗಬಾರದು. ಕುಡಿಯುವ ನೀರು, ಬುತ್ತಿ ಜೊತೆಯಲ್ಲಿರಲಿ. ಮಕ್ಕಳು ಜೊತೆಗಿದ್ದರೆ ಚೀಲದಲ್ಲಿ ಎರಡು ಕಾಗದದ ಲೋಟಗಳೂ ಇರಲಿ.