ಒಂದೇ ಗೋಣಿ, ನಾಲ್ಕು ಮನೆಯ ಗಂಟು

ಊರಿಂದೂರಿಗೆ ಸಣ್ಣ ಗಂಟು ಕಳಿಸಿದವರಿಗೆಲ್ಲ ‘ಮಿನಿಮಮ್ ಚಾರ್ಜು’ ಗೊತ್ತುಂಟು. ಗಂಟು ಎಷ್ಟೇ ಚಿಕ್ಕದಿರಲಿ, ಪಾರ್ಸೆಲ್ ಆಫೀಸಿನವರು ಅದಕ್ಕಿಂತ ಕಡಿಮೆ ತೆಗೆದುಕೊಳ್ಳುವುದಿಲ್ಲ. ನಾಲ್ಕು ಮನೆಯವರು ಬೇರೆ ಬೇರೆ ಹೋದರೆ ನಾಲ್ಕು ರಸೀದಿ, ನಾಲ್ಕು ಸಲ ಹಮಾಲಿ.

ಮಂಗಳೂರಿನ ನಮ್ಮ ವಠಾರದಲ್ಲಿ ಹಲಸಿನ ಹಪ್ಪಳ ಮಾರಿ ಸಂಸಾರ ತೂಗಿಸುವ ಅಕ್ಕ ಒಬ್ಬರಿದ್ದಾರೆ. ಹುಬ್ಬಳ್ಳಿಯ ಅಂಗಡಿಯೊಂದು ಅವರ ಹಪ್ಪಳ ಕೇಳಿತು. ಆದರೆ ಬಾಡಿಗೆ ಕಳೆದರೆ ಕೈಗೆ ಏನೂ ಉಳಿಯದು. “ಲಾರಿಯವರಿಗೋಸ್ಕರ ಹಪ್ಪಳ ಒತ್ತಲಿಕ್ಕೆ ನನ್ನಿಂದಾಗದು ಮಾರಾಯ್ತಿ, ಬಿಟ್ಟೇ ಬಿಡುತ್ತೇನೆ” ಎಂದರು. ನನ್ನ ಮಗಳಿರುವುದೂ ಹುಬ್ಬಳ್ಳಿಯಲ್ಲೇ, ಅವಳಿಗೆ ಕುಚ್ಚಲಕ್ಕಿ ಹೋಗಬೇಕು. ಇನ್ನೆರಡು ಮನೆಯಿಂದ ಒಣ ಪುನರ್ಪುಳಿ, ಸಂಡಿಗೆ. ಎಲ್ಲ ಸೇರಿಸಿ ಒಂದೇ ಗೋಣಿ ಕಟ್ಟಿದೆವು. ಅಲ್ಲಿ ಮಗಳು ಬಿಡಿಸಿಕೊಳ್ಳುತ್ತಾಳೆ, ಉಳಿದವರು ಅವಳ ಮನೆಯಿಂದ ಒಯ್ಯುತ್ತಾರೆ. ಅಕ್ಕನ ಹಪ್ಪಳ ನಿಲ್ಲಲಿಲ್ಲ.

ದೊಡ್ಡ ವ್ಯಾಪಾರವೂ ಇದೇ ಲೆಕ್ಕದ್ದು. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿ.ಆರ್.ಎಲ್. ಹೆಸರು ಮಾಡಿದ್ದು ಹಲವರ ಸಣ್ಣ ಮಾಲನ್ನು ಒಂದು ಲಾರಿಗೆ ತುಂಬಿಸಿಯೇ. 2021ರಲ್ಲಿ ಕೆ.ಎಸ್.ಆರ್.ಟಿ.ಸಿ. ‘ನಮ್ಮ ಕಾರ್ಗೊ’ ತಂದಿತು. ಹೇಗೂ ಓಡುವ ಬಸ್ಸಿನಲ್ಲಿ ಖಾಲಿ ಜಾಗ ಯಾಕೆ ಬಿಡಬೇಕು, ಅಲ್ವಾ?

ಆದರೆ ಹೀಗೆ ಹೋಗುವ ಮಾಲು ದಾರಿಯಲ್ಲಿ ಡಿಪೋಗಳಲ್ಲಿ ಇಳಿದು, ಊರುವಾರು ವಿಂಗಡವಾಗಿ, ಮತ್ತೆ ಬೇರೆ ಲಾರಿ ಹತ್ತುವುದುಂಟು. ಪೆಟ್ಟು ಬೀಳುವುದು ಅಲ್ಲೇ. ಹಪ್ಪಳವನ್ನು ತಗಡಿನ ಡಬ್ಬಿಗೆ ತುಂಬಿಸಿ, ಒಳಗೆ ಪ್ಲಾಸ್ಟಿಕ್ ಹಾಸಿ. ಎಣ್ಣೆ, ಉಪ್ಪಿನಕಾಯಿ ಈ ಗೋಣಿಗೆ ಬೇಡವೇ ಬೇಡ. ಮಳೆಗಾಲದಲ್ಲಿ ಕೆಡುವ ತಿಂಡಿಯನ್ನೂ ಕಳಿಸಬೇಡಿ; 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಗಿತ್ತು.

ಬಾಡಿಗೆ ಹಂಚುವಾಗ ಸ್ವಲ್ಪ ಮುಖ ಗಂಟಿಕ್ಕಿದ್ದೂ ಆಯಿತು. ಅಕ್ಕಿ ಭಾರ, ಹಪ್ಪಳ ಹಗುರ. ಆದರೆ ಜಾಗ ತಿನ್ನುವುದು ಹಪ್ಪಳ. ಕೊನೆಗೆ ಅರ್ಧ ಬಾಡಿಗೆಯನ್ನು ತೂಕದ ಮೇಲೆ, ಅರ್ಧವನ್ನು ಮನೆಗಿಷ್ಟೆಂದು ಸಮನಾಗಿ ಹಾಕಿದೆವು.

ಇನ್ನೊಂದು ಮಾತು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ರಸ್ತೆ ಸಾಗಾಟದ 2007ರ ಕಾಯ್ದೆ ಮತ್ತು ಅದರ 2011ರ ನಿಯಮದಂತೆ, ಮೊದಲೇ ಹೆಚ್ಚಿನ ದರ ಒಪ್ಪಿ ಬರೆಸದಿದ್ದರೆ, ಕಳೆದುಹೋದ ಮಾಲಿಗೆ ಪರಿಹಾರ ಬಾಡಿಗೆಯ 10 ಪಟ್ಟಿಗಿಂತ ಮೇಲೆ ಹೋಗುವುದಿಲ್ಲ. ಬಾಡಿಗೆ ಉಳಿಸಿದಷ್ಟೂ ಪರಿಹಾರವೂ ಕಿರಿದಾಯಿತು! ಕೋರ್ಟಿಗೆ ಹೋಗುವುದಾದರೆ ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಬೇಕು. ಹಾಗಾಗಿ ರಸೀದಿ ಜೋಪಾನ. ದೊಡ್ಡ ಆರ್ಡರು ಬಂದ ತಿಂಗಳು ಅಕ್ಕ ಆ ಹೆಚ್ಚಿನ ದರವನ್ನು ತಾವೇ ಕೊಟ್ಟು ಬರೆಸುತ್ತಾರೆ, ನಮ್ಮ ಪಾಲಿಗೆ ಸೇರಿಸುವುದಿಲ್ಲ.